ಕಾರ್ಬನ್ ಮಾನಾಕ್ಸೈಡಿನಲ್ಲಿ ಋಣ ಚಿಹ್ನೆ ಕಾರ್ಬನ್ನಿನ ಮೇಲೆ ಏಕೆ? ಫಾರ್ಮಲ್ ಚಾರ್ಜ್ ಲೆಕ್ಕದ ಬಗ್ಗೆ ಸಹಾಯ ಬೇಕು

ತೀರ್ಥಹಳ್ಳಿ ಮೇಷ್ಟರು

ವೇದಿಕೆಯ ಎಲ್ಲರಿಗೂ ನಮಸ್ಕಾರ.

ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮಗಳು ಈ ವರ್ಷ ಪ್ರಥಮ ಪಿಯುಸಿಗೆ ಸೇರಿದ್ದಾಳೆ. ಹತ್ತನೆಯ ತರಗತಿಯವರೆಗೂ ಕನ್ನಡದಲ್ಲೇ ಓದಿದವಳಿಗೆ ಈಗ ಎಲ್ಲವೂ ಇಂಗ್ಲಿಷ್. ರಾತ್ರಿ ಊಟವಾದ ಮೇಲೆ ಇಬ್ಬರೂ ಕುಳಿತು ಆ ದಿನದ ಪಾಠವನ್ನು ಕನ್ನಡಕ್ಕೆ ತಂದುಕೊಂಡು ಓದುವುದು ಮನೆಯ ರೂಢಿಯಾಗಿದೆ. ಹೇಗೋ ನಡೆದಿತ್ತು. ರಾಸಾಯನಿಕ ಬಂಧದ ಅಧ್ಯಾಯದಲ್ಲಿ ಫಾರ್ಮಲ್ ಚಾರ್ಜ್ ಬಂದಲ್ಲಿ ಇಬ್ಬರೂ ನಿಂತುಬಿಟ್ಟೆವು.

ಸೂತ್ರವೇನೋ ಅವಳಿಗೆ ಬಾಯಿಪಾಠವಾಗಿದೆ. ಬಿಡಿ ಪರಮಾಣುವಿನ ವೇಲೆನ್ಸ್ (ಹೊರಕವಚದ) ಎಲೆಕ್ಟ್ರಾನ್‌ಗಳಿಂದ ಬಂಧದಲ್ಲಿ ಸೇರದ ಒಂಟಿ ಜೋಡಿಗಳನ್ನು ಕಳೆಯಬೇಕು, ಬಂಧದಲ್ಲಿರುವ ಎಲೆಕ್ಟ್ರಾನ್‌ಗಳ ಅರ್ಧವನ್ನೂ ಕಳೆಯಬೇಕು. ನಿನ್ನೆ ಓಝೋನಿಗೆ ಲೆಕ್ಕ ಹಾಕಿದಳು. ಮೂರೂ ಆಕ್ಸಿಜನ್‌ಗಳಿಗೆ +2 ಬಂದಿತು! ಪುಸ್ತಕದಲ್ಲಿ +1, 0, −1 ಎಂದಿದೆ. ಮೂರು ಸಲ ಮಾಡಿದರೂ ಅದೇ ಉತ್ತರ.

ಎರಡನೆಯದು ನನ್ನದೇ ಪ್ರಶ್ನೆ. ಕಾರ್ಬನ್ ಮಾನಾಕ್ಸೈಡಿನಲ್ಲಿ ಕಾರ್ಬನ್ನಿಗೆ −1, ಆಕ್ಸಿಜನ್ನಿಗೆ +1 ಎಂದು ಕೊಟ್ಟಿದ್ದಾರೆ. ಎಲೆಕ್ಟ್ರಾನ್ ಸೆಳೆಯುವುದರಲ್ಲಿ ಆಕ್ಸಿಜನ್ ಮುಂದು ಎಂದು ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇನೆ. ಹಾಗಾದರೆ ಧನ ಚಿಹ್ನೆ ಅದರ ತಲೆಯ ಮೇಲೆ ಹೇಗೆ ಬಂದಿತು? ಮಗಳು ಕೇಳಿದಾಗ ನಾಳೆ ಹೇಳುತ್ತೇನೆ ಎಂದೆ. ಆ ನಾಳೆ ಇವತ್ತೇ.

ಪಿಯು ಉಪನ್ಯಾಸಕಿ, ಹಾಸನ

ಮೇಷ್ಟರೇ, ಮೊದಲು ಓಝೋನ್ ಮುಗಿಸೋಣ. ನಿಮ್ಮ ಮಗಳು ಮಾಡಿರುವ ತಪ್ಪನ್ನು ನಾನು ಪ್ರತಿ ವರ್ಷ ಜುಲೈ, ಆಗಸ್ಟ್ ಹೊತ್ತಿಗೆ ಹತ್ತಾರು ನೋಟ್‌ಬುಕ್‌ಗಳಲ್ಲಿ ಕಾಣುತ್ತೇನೆ. ಒಂಟಿ ಜೋಡಿಯನ್ನು ಅವಳು ಒಂದು ಎಂದು ಎಣಿಸಿದ್ದಾಳೆ. ಅದು ಎರಡು ಎಲೆಕ್ಟ್ರಾನ್.

ನಡುವಿನ ಆಕ್ಸಿಜನ್ ನೋಡಿ. ಅದಕ್ಕೆ ಒಂದು ಒಂಟಿ ಜೋಡಿ, ಮೂರು ಬಂಧಗೆರೆಗಳು. ಅವಳು 6 − 1 − 3 = +2 ಎಂದು ಬರೆದಿರುತ್ತಾಳೆ. ಬರೆಯಬೇಕಾದದ್ದು 6 − 2 − 3 = +1. ದ್ವಿಬಂಧದ ತುದಿಗೆ 6 − 4 − 2 = 0, ಏಕಬಂಧದ ತುದಿಗೆ 6 − 6 − 1 = −1. ಮೂರನ್ನೂ ಕೂಡಿದರೆ ಸೊನ್ನೆ. ಓಝೋನ್ ತಟಸ್ಥ ಅಣುವಾದ್ದರಿಂದ ಸರಿಹೋಯಿತು.

ಅವಳಿಗೆ ಮೂರಕ್ಕೂ ಒಂದೇ ಉತ್ತರ ಬಂದದ್ದು ಆಕಸ್ಮಿಕವಲ್ಲ, ಅದನ್ನು ಅವಳಿಗೆ ತೋರಿಸಿ. ಅಷ್ಟಕ, ಅಂದರೆ ಹೊರಕವಚದ ಎಂಟು ಎಲೆಕ್ಟ್ರಾನ್, ತುಂಬಿದ ಪರಮಾಣುವಿನ ಸುತ್ತ ಒಟ್ಟು ನಾಲ್ಕು ಜೋಡಿಗಳಿರುತ್ತವೆ. ಒಂಟಿಯಾಗಲಿ ಬಂಧವಾಗಲಿ, ಪ್ರತಿ ಜೋಡಿಯನ್ನೂ ಒಂದೆಂದು ಎಣಿಸಿದರೆ ಯಾವಾಗಲೂ ನಾಲ್ಕೇ ಆಗುತ್ತದೆ. ಆರರಲ್ಲಿ ನಾಲ್ಕು ಹೋದರೆ ಎರಡು. ಹೀಗಾಗಿ ಆ ತಪ್ಪಿನಲ್ಲಿ ಪ್ರಪಂಚದ ಆಕ್ಸಿಜನ್ನೆಲ್ಲ +2 ಆಗುತ್ತದೆ. ತಪ್ಪಿಗೂ ಒಂದು ಶಿಸ್ತಿದೆ. ಮಕ್ಕಳು ಅದನ್ನು ಒಮ್ಮೆ ತಾವೇ ಕಂಡುಕೊಂಡರೆ ಮತ್ತೆ ಆ ಹಾದಿ ಹಿಡಿಯುವುದಿಲ್ಲ.

ಇದರಿಂದಲೇ ಒಂದು ಸುಲಭ ದಾರಿಯೂ ಹೊರಡುತ್ತದೆ. ಅಷ್ಟಕ ತುಂಬಿದ ಪರಮಾಣುವಿಗೆ ವೇಲೆನ್ಸ್ ಎಲೆಕ್ಟ್ರಾನ್ ಸಂಖ್ಯೆಗೆ ಬಂಧಗೆರೆಗಳನ್ನು ಕೂಡಿ ಎಂಟು ಕಳೆದರೆ ಸಾಕು. ನಾಲ್ಕು ಬಂಧದ ನೈಟ್ರೋಜನ್: 5 + 4 − 8 = +1. ಒಂದು ಬಂಧದ ಆಕ್ಸಿಜನ್: 6 + 1 − 8 = −1. ಅಷ್ಟಕ ತುಂಬದ ಬೋರಾನಿಗೂ ಎರಡೇ ಎಲೆಕ್ಟ್ರಾನ್‌ಗಳ ಹೈಡ್ರೋಜನ್ನಿಗೂ ಇದನ್ನು ಬಳಸಬಾರದು ಎಂದು ಎಚ್ಚರಿಸಿ.

ಕಾರ್ಬನ್ ಮಾನಾಕ್ಸೈಡ್ ದೊಡ್ಡ ವಿಷಯ. ಸಂಜೆ ಬರೆಯುತ್ತೇನೆ, ಈಗ ಎರಡನೆಯ ಅವಧಿಯ ಗಂಟೆ ಹೊಡೆಯಿತು.

ತೆಂಗಿನ ತೋಟ, ತಿಪಟೂರು

ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಈಗ ತೋಟ ನೋಡಿಕೊಂಡಿದ್ದೇನೆ. ಉಪನ್ಯಾಸಕಿಯವರು ಬರುವವರೆಗೆ, ನನಗೆ ಈ ಲೆಕ್ಕ ಹೇಗೆ ಅರ್ಥವಾಯಿತೆಂದು ಹೇಳುತ್ತೇನೆ.

ಪ್ರತಿ ಪರಮಾಣುವೂ ಒಂದು ಮನೆ ಎಂದುಕೊಳ್ಳಿ. ಅದು ಪಿತ್ರಾರ್ಜಿತವಾಗಿ ಇಂತಿಷ್ಟು ತೆಂಗಿನ ಮರಗಳನ್ನು ತಂದಿದೆ: ಕಾರ್ಬನ್ ನಾಲ್ಕು, ನೈಟ್ರೋಜನ್ ಐದು, ಆಕ್ಸಿಜನ್ ಆರು. ಅಣು ಆದ ಮೇಲೆ ಕೆಲವು ಮರಗಳು ಸ್ವಂತ ಹಿತ್ತಲಿನಲ್ಲಿರುತ್ತವೆ. ಅವೇ ಒಂಟಿ ಜೋಡಿಗಳು. ಕೆಲವು ಪಕ್ಕದ ಮನೆಯವರ ಜೊತೆಗಿನ ಬದುವಿನ ಮೇಲೆ ಜೋಡಿಯಾಗಿ ನಿಂತಿರುತ್ತವೆ. ಅವು ಬಂಧಜೋಡಿಗಳು. ಈಗ ಗ್ರಾಮಲೆಕ್ಕಿಗ ಬಂದು ಪಹಣಿಯಲ್ಲಿ ಬರೆಯುತ್ತಾನೆ: ಹಿತ್ತಲಿನದೆಲ್ಲ ನಿಮ್ಮದು, ಬದುವಿನ ಜೋಡಿಯಲ್ಲಿ ಒಂದು ನಿಮ್ಮದು, ಒಂದು ಅವರದು. ತಂದ ಮರಗಳಿಗಿಂತ ಪಹಣಿಯಲ್ಲಿ ಒಂದು ಕಡಿಮೆ ಕಂಡರೆ +1, ಒಂದು ಹೆಚ್ಚು ಕಂಡರೆ −1. ಎಲೆಕ್ಟ್ರಾನಿನದು ಋಣ ಆವೇಶವಾದ್ದರಿಂದ ಚಿಹ್ನೆ ಹೀಗೆ ಉಲ್ಟಾ.

ಬದುವಿನ ಮರ ಯಾರ ಕಡೆ ವಾಲಿದೆ, ಕಾಯಿ ಯಾರ ಹಿತ್ತಲಿಗೆ ಬೀಳುತ್ತದೆ ಎಂದು ಲೆಕ್ಕಿಗ ನೋಡುವುದೇ ಇಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅಲ್ಲಿದೆ ಎಂದು ನನ್ನ ಎಣಿಕೆ.

ತೀರ್ಥಹಳ್ಳಿ ಮೇಷ್ಟರು

ಪಹಣಿಯ ಹೋಲಿಕೆ ಮಗಳಿಗೆ ತಕ್ಷಣ ಹಿಡಿಯಿತು. ನಮ್ಮ ಮನೆಯಲ್ಲೂ ಬದುವಿನ ಹಲಸಿನ ಮರದ ತಕರಾರು ಇದೆ!

ಒಂದು ಮಾತು. ಫಾರ್ಮಲ್ ಚಾರ್ಜ್ ಎಂಬುದಕ್ಕೆ ಔಪಚಾರಿಕ ಆವೇಶ ಎನ್ನಬಹುದು. ಆದರೆ ಔಪಚಾರಿಕ ಎಂದರೆ ನಮಗೆ ಹಾರ ತುರಾಯಿಯ ನೆನಪಾಗುತ್ತದೆ, ಆವೇಶ ಎಂದರೆ ದೇವರು ಮೈಮೇಲೆ ಬಂದದ್ದು. ಮಕ್ಕಳಿಗೆ ಅರ್ಥವಾಗುವ ಮಾತು ಬೇರೆ ಇದೆಯೇ?

ತೆಂಗಿನ ತೋಟ, ತಿಪಟೂರು

ನಾನು ಲೆಕ್ಕದ ಆವೇಶ ಎನ್ನುತ್ತೇನೆ. ಲೆಕ್ಕಕ್ಕಷ್ಟೇ ಇರುವುದು ಎಂಬ ಅರ್ಥ ಆ ಮಾತಿನಲ್ಲೇ ಬಂದುಬಿಡುತ್ತದೆ.

ಪಿಯು ಉಪನ್ಯಾಸಕಿ, ಹಾಸನ

ಲೆಕ್ಕದ ಆವೇಶ! ನಾಳೆಯಿಂದ ತರಗತಿಯಲ್ಲಿ ನಾನೂ ಇದನ್ನೇ ಬಳಸುತ್ತೇನೆ. ಪರೀಕ್ಷೆಯಲ್ಲಿ ಫಾರ್ಮಲ್ ಚಾರ್ಜ್ ಎಂದೇ ಬರೆಯಲಿ.

ಈಗ ಕಾರ್ಬನ್ ಮಾನಾಕ್ಸೈಡ್. ಕಾರ್ಬನ್ನಿನ 4, ಆಕ್ಸಿಜನ್ನಿನ 6, ಒಟ್ಟು ಹತ್ತು ಎಲೆಕ್ಟ್ರಾನ್. ಇಬ್ಬರಿಗೂ ಅಷ್ಟಕ ತುಂಬಬೇಕಾದರೆ ನಡುವೆ ತ್ರಿಬಂಧ, ಎರಡೂ ತುದಿಗೆ ಒಂದೊಂದು ಒಂಟಿ ಜೋಡಿ. ಬೇರೆ ದಾರಿಯಿಲ್ಲ. ಪಹಣಿ ಬರೆಯಿರಿ. ಕಾರ್ಬನ್: 4 − 2 − 3 = −1. ಆಕ್ಸಿಜನ್: 6 − 2 − 3 = +1. ನಾಲ್ಕು ತಂದವನಿಗೂ ಆರು ತಂದವನಿಗೂ ಕೊನೆಯಲ್ಲಿ ಐದೈದು ಬಂದಿತು. ಆಕ್ಸಿಜನ್ ಒಂದು ಕಳೆದುಕೊಂಡಿತು, ಕಾರ್ಬನ್ ಒಂದು ಗಳಿಸಿತು, ಲೆಕ್ಕದಲ್ಲಿ.

ಇನ್ನು ನಿಜ ಏನು? ತೋಟದವರು ಹೇಳಿದ ಹಾಗೆ ಆರೂ ಬಂಧ ಎಲೆಕ್ಟ್ರಾನ್‌ಗಳು ಆಕ್ಸಿಜನ್ ಕಡೆಗೆ ವಾಲುತ್ತವೆ. ಹೀಗೆ ವಾಲುವುದರಿಂದ ಲೆಕ್ಕದಲ್ಲಿ ಕಳೆದುಕೊಂಡದ್ದನ್ನು ಆಕ್ಸಿಜನ್ ಬಹುಪಾಲು ವಾಪಸ್ ಪಡೆಯುತ್ತದೆ. ಒಂದು ಕಡೆಗೆ ಲೆಕ್ಕ ಎಳೆಯುತ್ತದೆ, ಇನ್ನೊಂದು ಕಡೆಗೆ ವಿದ್ಯುತ್ ಋಣತೆ, ಅಂದರೆ ಎಲೆಕ್ಟ್ರಾನ್ ಸೆಳೆಯುವ ಶಕ್ತಿ, ಎಳೆಯುತ್ತದೆ. ಇವು ಹೆಚ್ಚುಕಡಿಮೆ ಸರಿಸಮವಾಗುವುದರಿಂದ ಈ ಅಣುವಿನ ದ್ವಿಧ್ರುವ ಮಹತ್ವ, ಅಂದರೆ ಎರಡು ತುದಿಗಳ ಆವೇಶ ಎಷ್ಟು ಬೇರ್ಪಟ್ಟಿದೆ ಎಂಬ ಅಳತೆ, ಬರೀ 0.11 ಡಿಬೈ. ನೀರಿನದು 1.85. ಉಳಿದಿರುವ ಆ ಚೂರಿನಲ್ಲೂ ಋಣ ತುದಿ ಕಾರ್ಬನ್ನೇ! ನಾನು ಮೊದಲ ಸಲ ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಹಾಗಾಗಿ ನಿಮ್ಮ ಇಪ್ಪತ್ತು ವರ್ಷಗಳ ಪಾಠ ತಪ್ಪಲ್ಲ ಮೇಷ್ಟರೇ. ಆಕ್ಸಿಜನ್ ಸೆಳೆಯುತ್ತಲೇ ಇದೆ. ಇಲ್ಲಿ ಅದು ಹಿಂದಿನಿಂದ ಓಟ ಶುರುಮಾಡಿದೆ, ಅಷ್ಟೇ.

ಕಂಪ್ಯೂಟರ್ ರಸಾಯನ, ಬೆಂಗಳೂರು

ಕಾರ್ಬನ್ ತುದಿಯ ಆ ಒಂಟಿ ಜೋಡಿಗೆ ಲೋಹಗಳೆಂದರೆ ಬಹಳ ನಂಟು. 1890ರಲ್ಲಿ ಲುಡ್ವಿಗ್ ಮಾಂಡ್ ಮತ್ತು ಸಂಗಡಿಗರು ವರದಿ ಮಾಡಿದ ನಿಕಲ್ ಕಾರ್ಬೊನಿಲ್‌ನಲ್ಲಿ ನಾಲ್ಕು ಕಾರ್ಬನ್ ಮಾನಾಕ್ಸೈಡ್‌ಗಳೂ ನಿಕಲ್ಲಿಗೆ ಅಂಟಿರುವುದು ಕಾರ್ಬನ್ ತುದಿಯಿಂದ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಉರಿಸಿದಾಗ ಜೀವ ಹೋಗುವುದೂ ಇದೇ ತುದಿ ರಕ್ತದ ಹಿಮೊಗ್ಲೋಬಿನ್ನಿನ ಕಬ್ಬಿಣವನ್ನು ಹಿಡಿದುಬಿಡುವುದರಿಂದ. ಆಕ್ಸಿಜನ್ ಅನಿಲಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಆ ಒಂದು ಋಣ ಚಿಹ್ನೆಯೇ ಇದಕ್ಕೆಲ್ಲ ಕಾರಣ ಎನ್ನುವುದಿಲ್ಲ, ಲೋಹವು ತಾನೂ ಎಲೆಕ್ಟ್ರಾನ್ ಹಿಂದಿರುಗಿಸುವ ಕಥೆ ಬೇರೆ ಇದೆ. ಆದರೆ ಯಾವ ತುದಿ ಎಂದು ಮೊದಲು ಬೆರಳು ತೋರಿಸುವುದು ಈ ಲೆಕ್ಕವೇ.

ಎರಡನೇ ಪಿಯು, ಬಳ್ಳಾರಿ

ನನಗೆ ಒಂದು ಗೊಂದಲ. ಅಮೋನಿಯಂ ಅಯಾನಿನಲ್ಲಿ ನೈಟ್ರೋಜನ್ನಿಗೆ +1 ಎಂದು ಬರೆಯುತ್ತೇವೆ. ಆದರೆ ಉತ್ಕರ್ಷಣ ಸಂಖ್ಯೆ ಕೇಳಿದರೆ −3 ಎನ್ನುತ್ತೇವೆ. ಎರಡರಲ್ಲಿ ಯಾವುದು ನಿಜ?

ಪಿಯು ಉಪನ್ಯಾಸಕಿ, ಹಾಸನ

ಎರಡೂ ನಿಜವಲ್ಲ. ಎರಡೂ ಲೆಕ್ಕ. ಹಂಚುವ ಕಟ್ಟಳೆ ಮಾತ್ರ ಬೇರೆ ಬೇರೆ.

ಲೆಕ್ಕದ ಆವೇಶದಲ್ಲಿ ಬದುವಿನ ಜೋಡಿ ಸಮಪಾಲು. ಉತ್ಕರ್ಷಣ ಸಂಖ್ಯೆಯಲ್ಲಿ ಬಲಾಢ್ಯನಿಗೆ ಎರಡೂ ಮರ. ನೈಟ್ರೋಜನ್ನಿನ ವಿದ್ಯುತ್ ಋಣತೆ 3.04, ಹೈಡ್ರೋಜನ್ನಿನದು 2.20. ಆದ್ದರಿಂದ ನಾಲ್ಕೂ ಜೋಡಿ, ಅಂದರೆ ಎಂಟು ಎಲೆಕ್ಟ್ರಾನ್, ನೈಟ್ರೋಜನ್ನಿಗೆ ಬರೆದುಬಿಡುತ್ತೇವೆ. 5 − 8 = −3.

ಅಮೋನಿಯಂ ನೈಟ್ರೇಟ್ ತೆಗೆದುಕೋ, ನಿನಗೆ ಇದು ಕಣ್ಣಿಗೆ ಕಟ್ಟುತ್ತದೆ. ಒಂದೇ ಉಪ್ಪಿನಲ್ಲಿ ಎರಡು ನೈಟ್ರೋಜನ್. ಅಮೋನಿಯಂನಲ್ಲಿ ನಾಲ್ಕು ಬಂಧಗೆರೆ, ನೈಟ್ರೇಟಿನಲ್ಲೂ ನಾಲ್ಕು ಬಂಧಗೆರೆ. ಲೆಕ್ಕದ ಆವೇಶ ಎರಡಕ್ಕೂ +1. ಉತ್ಕರ್ಷಣ ಸಂಖ್ಯೆಯೋ ಒಂದರಲ್ಲಿ −3, ಇನ್ನೊಂದರಲ್ಲಿ +5! ಒಂದರ ನೆರೆಹೊರೆ ಹೈಡ್ರೋಜನ್, ಇನ್ನೊಂದರದು ಆಕ್ಸಿಜನ್. ಆ ವ್ಯತ್ಯಾಸ ಪಹಣಿಗೆ ಕಾಣುವುದಿಲ್ಲ, ಉತ್ಕರ್ಷಣ ಸಂಖ್ಯೆಗೆ ಅತಿಯಾಗಿ ಕಾಣುತ್ತದೆ. ನಿಜವಾದ ಎಲೆಕ್ಟ್ರಾನ್ ಹರಡಿಕೆ ಇವೆರಡರ ನಡುವೆ ಎಲ್ಲೋ ಇದೆ.

ಅಮೋನಿಯಂನ ಧನ ಆವೇಶ ಬಹುಮಟ್ಟಿಗೆ ಹೊರಗಿನ ನಾಲ್ಕು ಹೈಡ್ರೋಜನ್‌ಗಳ ಮೇಲೆ ಹರಡಿರುತ್ತದೆ. ನೈಟ್ರೋಜನ್ ಮೇಲೆ + ಬರೆದದ್ದು ಕಡತದ ಅನುಕೂಲಕ್ಕೆ. ಹೈಡ್ರೋನಿಯಂ ಅಯಾನಿನ ಆಕ್ಸಿಜನ್ನಿಗೂ ಇದೇ ಮಾತು. ಟೆಟ್ರಾಫ್ಲೂರೊಬೋರೇಟ್‌ನಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. ಲೆಕ್ಕ ಬೋರಾನಿಗೆ 3 − 0 − 4 = −1 ಎನ್ನುತ್ತದೆ, ಆದರೆ 3.98 ವಿದ್ಯುತ್ ಋಣತೆಯ ನಾಲ್ಕು ಫ್ಲೂರಿನ್‌ಗಳ ನಡುವೆ 2.04ರ ಬೋರಾನ್ ಋಣವಾಗಿ ಉಳಿಯುವುದುಂಟೇ?

ಕರಾವಳಿ ಓದುಗ

ಹಾಗಾದರೆ ನಿಜವಲ್ಲದ ಸಂಖ್ಯೆಯನ್ನು ಮಕ್ಕಳಿಗೆ ಏಕೆ ಕಲಿಸಬೇಕು? ಸಿಟ್ಟಿನಿಂದ ಕೇಳುತ್ತಿಲ್ಲ, ತಿಳಿಯಬೇಕೆಂದೇ ಕೇಳುತ್ತಿದ್ದೇನೆ. ನಾನು ಈ ಅಧ್ಯಾಯದಲ್ಲೇ ರಸಾಯನಶಾಸ್ತ್ರದ ಕೈಬಿಟ್ಟವನು.

ಕಂಪ್ಯೂಟರ್ ರಸಾಯನ, ಬೆಂಗಳೂರು

ನನ್ನ ಅನ್ನ ಇದರಲ್ಲೇ ಇದೆ, ಆದ್ದರಿಂದ ಉತ್ತರಿಸುತ್ತೇನೆ. ಔಷಧ ಅಣುಗಳ ದತ್ತಸಂಚಯಗಳಿಗೆ ತಂತ್ರಾಂಶ ಬರೆಯುವುದು ನನ್ನ ಕೆಲಸ. ಕಂಪ್ಯೂಟರಿಗೆ ಅಣು ಎಂದರೆ ಪರಮಾಣುಗಳು, ಬಂಧಗಳು ಮತ್ತು ಪ್ರತಿ ಪರಮಾಣುವಿನ ಲೆಕ್ಕದ ಆವೇಶ. ಹೈಡ್ರೋಜನ್‌ಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ, ಉಳಿದ ಲೆಕ್ಕ ನೋಡಿ ಯಂತ್ರವೇ ತುಂಬಿಕೊಳ್ಳುತ್ತದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಕಡತದಲ್ಲಿ ಸೋಡಿಯಂ ಬೆಂಜೊಯೇಟ್ ಬಂದಿತ್ತು. ಉಪ್ಪಿನಕಾಯಿ, ಹಣ್ಣಿನ ರಸ ಕೆಡದಂತೆ ಹಾಕುತ್ತಾರಲ್ಲ, ಅದೇ. ದಾಖಲಿಸಿದವರು ಆಕ್ಸಿಜನ್ ಮೇಲಿನ ಋಣ ಚಿಹ್ನೆಯನ್ನು ಬಿಟ್ಟಿದ್ದರು. ಯಂತ್ರ ಆ ಆಕ್ಸಿಜನ್ನನ್ನು ನೋಡಿತು: ಒಂದೇ ಬಂಧ, ಆವೇಶ ಸೊನ್ನೆ, ಅಂದಮೇಲೆ ಇಲ್ಲೊಂದು ಹೈಡ್ರೋಜನ್ ಇರಲೇಬೇಕು. ಯಾರನ್ನೂ ಕೇಳದೆ ಸೇರಿಸಿಬಿಟ್ಟಿತು. 144.1 ಇರಬೇಕಾದ ಅಣುತೂಕ 145.1 ಆಯಿತು. ಬೆಂಜೊಯೇಟ್ ಹೋಗಿ ಬೆಂಜೋಯಿಕ್ ಆಮ್ಲ ಬಂದು ಕುಳಿತಿತ್ತು, ಪಕ್ಕದಲ್ಲಿ ಸೋಡಿಯಂ ಒಂದೇ ಧನ ಚಿಹ್ನೆ ಹೊತ್ತು ನಿಂತಿತ್ತು. ಒಂದು ಸಣ್ಣ ಗೆರೆ ಹುಡುಕಲು ಮಧ್ಯಾಹ್ನವೆಲ್ಲ ಹಿಡಿಯಿತು.

ನೈಟ್ರೋ ಗುಂಪಿನದು ಇನ್ನೊಂದು. ಹಳೆಯ ಚಿತ್ರಗಳಲ್ಲಿ ನೈಟ್ರೋಜನ್ನಿಗೆ ಐದು ಬಂಧ ಎಳೆದಿರುತ್ತಾರೆ. ನೈಟ್ರೋಜನ್ನಿನ ಹೊರಕವಚದಲ್ಲಿ ನಾಲ್ಕೇ ಕಕ್ಷಕಗಳು (ಎಲೆಕ್ಟ್ರಾನ್ ಜೋಡಿಗಳ ತಾಣಗಳು), ಐದಕ್ಕೆ ಜಾಗವಿಲ್ಲ. ತಂತ್ರಾಂಶ ಒಪ್ಪುವುದಿಲ್ಲ. ನೈಟ್ರೋಜನ್ನಿಗೆ +1, ಒಂದು ಆಕ್ಸಿಜನ್ನಿಗೆ −1 ಎಂದು ತಿದ್ದಿದ ಕೂಡಲೇ ಒಪ್ಪುತ್ತದೆ. ನಿಜವಲ್ಲದ ಸಂಖ್ಯೆ ಎಂದಿರಿ, ಒಪ್ಪಿದೆ. ಆದರೆ ಎಲೆಕ್ಟ್ರಾನ್ ಒಂದೂ ಕಳೆದುಹೋಗದಂತೆ ಕಾಯುವ ದಫ್ತರ ಅದು.

ಇತಿಹಾಸದ ಹುಚ್ಚು

ಕರಾವಳಿಯವರ ಪ್ರಶ್ನೆಗೆ ನನ್ನದೂ ಒಂದು ಉತ್ತರ. ಪರಮಾಣುಗಳು ಯಾವ ಸಾಲಿನಲ್ಲಿ ನಿಂತಿವೆ ಎಂದು ಊಹಿಸಲು ಈ ಲೆಕ್ಕದಷ್ಟು ಅಗ್ಗದ ಸಾಧನ ಇನ್ನೊಂದಿಲ್ಲ.

1820ರ ದಶಕ. ರಸಾಯನಶಾಸ್ತ್ರಜ್ಞ ವೋಲರ್ ಬೆಳ್ಳಿಯ ಸಯನೇಟನ್ನು ವಿಶ್ಲೇಷಿಸಿದ. ಲೀಬಿಗ್ ಪ್ಯಾರಿಸ್ಸಿನಲ್ಲಿ ಗೇ-ಲುಸಾಕ್ ಜೊತೆ ಬೆಳ್ಳಿಯ ಫಲ್ಮಿನೇಟನ್ನು ವಿಶ್ಲೇಷಿಸಿದ. ಎರಡರಲ್ಲೂ ಬೆಳ್ಳಿ, ಕಾರ್ಬನ್, ನೈಟ್ರೋಜನ್, ಆಕ್ಸಿಜನ್, ಅದೇ ಪ್ರಮಾಣ. ಒಂದು ಸಾಧು, ಇನ್ನೊಂದು ಮುಟ್ಟಿದರೆ ಸಿಡಿಯುವಂಥದು. ಒಬ್ಬರ ವಿಶ್ಲೇಷಣೆಯಲ್ಲಿ ತಪ್ಪಿರಬೇಕು ಎಂದೇ ಮೊದಲು ಎಲ್ಲರ ಅನುಮಾನ. ತಪ್ಪು ಯಾರದೂ ಇರಲಿಲ್ಲ. ಒಂದೇ ಸಾಮಾನಿನಿಂದ ಎರಡು ಬೇರೆ ವಸ್ತುಗಳಾಗಬಹುದು ಎಂಬುದು ಆಗ ಹೊಸ ಮಾತು. 1830ರಲ್ಲಿ ಬರ್ಜೀಲಿಯಸ್ ಅದಕ್ಕೆ ಐಸೊಮೆರಿಸಂ ಎಂದು ಹೆಸರಿಟ್ಟ. ಲೀಬಿಗ್, ವೋಲರ್ ಆಮೇಲೆ ಜೀವದ ಗೆಳೆಯರಾದರು.

ಈಗ ಮೇಷ್ಟರ ಮಗಳು ಅರ್ಧ ಹಾಳೆಯಲ್ಲಿ ನೋಡಬಹುದು. ಸಯನೇಟಿನಲ್ಲಿ ನಡುವೆ ಕಾರ್ಬನ್. ನೈಟ್ರೋಜನ್ ಕಡೆಗೆ ತ್ರಿಬಂಧ, ಆಕ್ಸಿಜನ್ ಕಡೆಗೆ ಏಕಬಂಧ ಎಳೆದರೆ ನೈಟ್ರೋಜನ್ 0, ಕಾರ್ಬನ್ 0, ಆಕ್ಸಿಜನ್ −1. ಅಯಾನಿನ ಒಂದೇ ಋಣ ಆವೇಶ ಹೋಗಬೇಕಾದ ಮನೆಗೇ ಹೋಯಿತು. ಫಲ್ಮಿನೇಟಿನಲ್ಲಿ ನಡುವೆ ನೈಟ್ರೋಜನ್. ಅದೇ ರೀತಿ ಎಳೆದರೆ ಕಾರ್ಬನ್ −1, ನೈಟ್ರೋಜನ್ +1, ಆಕ್ಸಿಜನ್ −1. ಎರಡು ದ್ವಿಬಂಧ ಹಾಕಿದರೆ ಕಾರ್ಬನ್ನಿಗೆ −2, ಇನ್ನೂ ಕೆಟ್ಟದ್ದು. ಹೇಗೆ ಬರೆದರೂ ನೆಮ್ಮದಿಯಿಲ್ಲದ ಅಯಾನು. ನೊಬೆಲ್ ತನ್ನ ಸ್ಫೋಟಕಗಳನ್ನು ಸಿಡಿಸಲು ಕಿಡಿಯಾಗಿ ಬಳಸಿದ್ದು ಪಾದರಸದ ಫಲ್ಮಿನೇಟನ್ನು. ಆವೇಶಗಳು ಹೀಗೆ ಹಂಚಿಹೋಗಿರುವುದರಿಂದಲೇ ಅದು ಸಿಡಿಯುತ್ತದೆ.

ಪಿಯು ಉಪನ್ಯಾಸಕಿ, ಹಾಸನ

ಕಥೆಯನ್ನು ಚೆನ್ನಾಗಿ ತಂದಿರಿ. ಕೊನೆಯ ವಾಕ್ಯ ಒಂದನ್ನು ಒಪ್ಪಲಾರೆ. ಸಿಡಿಯುವುದಕ್ಕೆ ಮುಖ್ಯ ಕಾರಣ, ಒಡೆದ ಮೇಲೆ ಸಿಗುವ ನೈಟ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಎರಡೂ ಗಟ್ಟಿ ತ್ರಿಬಂಧದ ಅತಿ ಸ್ಥಿರ ಅನಿಲಗಳು. ಇಳಿಜಾರು ಅಷ್ಟು ಕಡಿದಾಗಿದೆ. ಲೆಕ್ಕದ ಆವೇಶ ಮೇಲಿನ ತುದಿ ಎತ್ತರದಲ್ಲಿದೆ ಎಂದು ಸುಳಿವು ಕೊಡುತ್ತದೆ, ಕೆಳಗಿನ ತುದಿ ಎಲ್ಲಿದೆ ಎಂದು ಅದಕ್ಕೆ ಗೊತ್ತಿಲ್ಲ. ಓಝೋನಿನ ನಡುವಿನ ಪರಮಾಣುವಿಗೆ +1 ಇದೆ, ನೈಟ್ರೇಟಿನ ನೈಟ್ರೋಜನ್ನಿಗೂ +1 ಇದೆ. ಓಝೋನ್ ಸುಲಭವಾಗಿ ಒಡೆಯುತ್ತದೆ, ಆದರೆ ನೈಟ್ರೇಟ್ ಅಯಾನು ನಮ್ಮ ಬೋರ್‌ವೆಲ್ ನೀರಿನಲ್ಲಿ ವರ್ಷಗಟ್ಟಲೆ ಕರಗಿ ಕುಳಿತಿರುತ್ತದೆ.

ಇತಿಹಾಸದ ಹುಚ್ಚು

ಸರಿಯಾದ ಮಾತು. ಆ ವಾಕ್ಯವನ್ನು ಹಿಂದಕ್ಕೆ ತೆಗೆದುಕೊಂಡೆ. ಮಕ್ಕಳು ಅದನ್ನು ಪರೀಕ್ಷೆಯಲ್ಲಿ ಬರೆಯದಿರಲಿ.

ಎರಡನೇ ಪಿಯು, ಬಳ್ಳಾರಿ

ಸಲ್ಫೇಟ್ ಬಗ್ಗೆ ಹೇಳಿ ಮೇಡಂ. ನಮ್ಮ ಕೋಚಿಂಗ್‌ನಲ್ಲಿ ಸಲ್ಫರ್‌ಗೆ ಎರಡು ದ್ವಿಬಂಧ ಹಾಕಿ ಆವೇಶ ಸೊನ್ನೆ ಮಾಡಬೇಕು, ಅದೇ ಸರಿ ಎಂದರು. ಒಂದು ಇಂಗ್ಲಿಷ್ ಪುಸ್ತಕದಲ್ಲಿ ನಾಲ್ಕೂ ಏಕಬಂಧ, ಸಲ್ಫರ್‌ಗೆ +2 ಎಂದಿದೆ.

ಪಿಯು ಉಪನ್ಯಾಸಕಿ, ಹಾಸನ

ಪರೀಕ್ಷೆಗೆ ದ್ವಿಬಂಧದ್ದನ್ನೇ ಬರೆ. ನಮ್ಮ ಪಠ್ಯಪುಸ್ತಕದಲ್ಲೂ ಸಲ್ಫ್ಯೂರಿಕ್ ಆಮ್ಲದ ಸಲ್ಫರ್ ಸುತ್ತ ಹನ್ನೆರಡು ಎಲೆಕ್ಟ್ರಾನ್ ತೋರಿಸಿ ವಿಸ್ತೃತ ಅಷ್ಟಕ ಎಂದಿದೆ. ಆವೇಶ ಕಡಿಮೆ ಇರುವ ರಚನೆಯನ್ನು ಆರಿಸಬೇಕು ಎಂಬ ನಿಯಮಕ್ಕೂ ಅದು ಹೊಂದುತ್ತದೆ.

ಮೈಸೂರಿನಿಂದ ಜರ್ಮನಿಗೆ

ಇಲ್ಲಿ ಮಾತ್ರ ನಾನು ತಡೆಯಲೇಬೇಕು ಮೇಡಂ, ಕ್ಷಮಿಸಿ. ಸಂಶೋಧನೆ ಮಾಡುವವನಾಗಿ ಇದನ್ನು ನೋಡಿ ಸುಮ್ಮನಿರಲಾಗುವುದಿಲ್ಲ.

ಸಲ್ಫರ್ ತನ್ನ ಡಿ ಕಕ್ಷಕಗಳನ್ನು ಬಳಸಿ ಹನ್ನೆರಡು ಎಲೆಕ್ಟ್ರಾನ್ ಇಟ್ಟುಕೊಳ್ಳುತ್ತದೆ ಎಂಬ ವಿವರಣೆ ಕ್ವಾಂಟಂ ಲೆಕ್ಕಾಚಾರಗಳ ಮುಂದೆ ನಿಂತಿಲ್ಲ. ಆ ಕಕ್ಷಕಗಳ ಪಾಲು ಬಹಳ ಸಣ್ಣದು. ನಾಲ್ಕೂ ಬಂಧಗಳು ತೀರಾ ಧ್ರುವೀಯ, ಸಲ್ಫರ್ ಮೇಲೆ ಸಾಕಷ್ಟು ಧನ ಆವೇಶ ನಿಜವಾಗಿಯೂ ಇದೆ. ಆವೇಶವನ್ನು ಸೊನ್ನೆ ಮಾಡಿದೆವೆಂದು ಸಮಾಧಾನ ಪಡುವುದು ಪಹಣಿ ಚೆಂದ ಕಾಣಲೆಂದು ಬದುವನ್ನೇ ಸರಿಸಿದ ಹಾಗೆ.

ಕಂಪ್ಯೂಟರ್ ರಸಾಯನ, ಬೆಂಗಳೂರು

ಆದರೆ ಸಲ್ಫೇಟಿನ ಬಂಧದ ಉದ್ದ ಸುಮಾರು 149 ಪಿಕೊಮೀಟರ್. ಸಾಧಾರಣ ಏಕಬಂಧಕ್ಕಿಂತ ಗಿಡ್ಡ. ಅದಕ್ಕೇ ಅಲ್ಲವೇ ದ್ವಿಬಂಧ ಬಂದದ್ದು?

ಮೈಸೂರಿನಿಂದ ಜರ್ಮನಿಗೆ

ಗಿಡ್ಡವಾಗಲು ದ್ವಿಬಂಧವೇ ಬೇಕೆಂದಿಲ್ಲ. ಒಂದು ತುದಿಯಲ್ಲಿ ಬಲವಾದ ಧನ, ಇನ್ನೊಂದರಲ್ಲಿ ಬಲವಾದ ಋಣ ಇದ್ದರೆ ಆ ಸೆಳೆತವೇ ಹತ್ತಿರ ಎಳೆಯುತ್ತದೆ.

ಪಿಯು ಉಪನ್ಯಾಸಕಿ, ಹಾಸನ

ನೀವು ಹೇಳುವುದು ಸರಿ, ನನಗೂ ಅದು ಗೊತ್ತು, ಅದೇ ನನ್ನ ಸಂಕಟ. ಅರವತ್ತು ಮಕ್ಕಳ ತರಗತಿಯಲ್ಲಿ ಮೂರು ಅವಧಿಗಳಲ್ಲಿ ಈ ಅಧ್ಯಾಯದ ಅರ್ಧ ಮುಗಿಯಬೇಕು. ಮೌಲ್ಯಮಾಪನ ಮಾಡುವವರ ಕೈಯಲ್ಲಿ ಒಂದೇ ಮಾದರಿ ಉತ್ತರ ಇರುತ್ತದೆ. ಮಗುವಿನ ಎರಡು ಅಂಕ ಕಳೆದು ನಾನು ಸತ್ಯ ಹೇಳಲೇ? ನಾನು ಮಾಡುವುದು ಇಷ್ಟು. ಬೋರ್ಡಿನ ಮೇಲೆ ಎರಡೂ ಚಿತ್ರ ಬರೆಯುತ್ತೇನೆ. ನಾಲ್ಕೂ ಬಂಧ ಅಳತೆಯಲ್ಲಿ ಸಮ, ಹಾಗಾಗಿ ಎರಡು ದ್ವಿಬಂಧ ಎರಡು ಏಕಬಂಧ ಎಂಬ ಒಂದೇ ಚಿತ್ರ ಒಬ್ಬಂಟಿಯಾಗಿ ಸರಿಯಿರಲು ಸಾಧ್ಯವೇ ಇಲ್ಲ ಎಂದು ತೋರಿಸುತ್ತೇನೆ. ಕಡಿಮೆ ಆವೇಶ ಒಳ್ಳೆಯದು ಎಂಬುದು ಆವರ್ತ ಕೋಷ್ಟಕದ ಎರಡನೆಯ ಸಾಲಿನ ಮೂಲವಸ್ತುಗಳಲ್ಲಿ, ಅಂದರೆ ಕಾರ್ಬನ್, ನೈಟ್ರೋಜನ್, ಆಕ್ಸಿಜನ್‌ಗಳಲ್ಲಿ, ಅಷ್ಟಕದ ಮಿತಿಯೊಳಗೆ ನಂಬಿಕೆಯ ದಾರಿ. ಸಲ್ಫರ್ ಇರುವ ಮೂರನೆಯ ಸಾಲಿಗೆ ಇಳಿದರೆ ಕಣ್ಣು ತೆರೆದಿಟ್ಟು ನಡೆಯಿರಿ ಎನ್ನುತ್ತೇನೆ.

ಮೈಸೂರಿನಿಂದ ಜರ್ಮನಿಗೆ

ನನ್ನ ಪಿಯು ದಿನಗಳಲ್ಲಿ ಯಾರಾದರೂ ಎರಡೂ ಚಿತ್ರ ಬರೆದಿದ್ದರೆ ಎಂದು ಅನ್ನಿಸಿತು. ಮಾದರಿ ಉತ್ತರದ ವಿಷಯದಲ್ಲಿ ಮಾತ್ರ ನನ್ನ ತಕರಾರು ಉಳಿದೇ ಇದೆ.

ತೀರ್ಥಹಳ್ಳಿ ಮೇಷ್ಟರು

ನನ್ನ ಖಾತೆಯಿಂದ ಮಗಳು ಬರೆಯುತ್ತಿದ್ದಾಳೆ:

ಮೇಡಂ, ನಮಸ್ತೆ. ಅಪ್ಪ ನನಗೆ ನೈಟ್ರಸ್ ಆಕ್ಸೈಡ್ ಕೊಟ್ಟರು. ಎರಡು ನೈಟ್ರೋಜನ್, ಒಂದು ಆಕ್ಸಿಜನ್, ಒಟ್ಟು 16 ಎಲೆಕ್ಟ್ರಾನ್. ಮೊದಲು ಆಕ್ಸಿಜನ್ನನ್ನು ನಡುವೆ ಇಟ್ಟು ಎರಡೂ ಕಡೆ ದ್ವಿಬಂಧ ಹಾಕಿದೆ. ಆಕ್ಸಿಜನ್ನಿಗೆ +2, ಎರಡೂ ತುದಿಗೆ −1 ಬಂದಿತು. ಆಕ್ಸಿಜನ್ನಿಗೆ +2 ಕೊಡುವುದು ಅನ್ಯಾಯ ಅನ್ನಿಸಿ ಅಳಿಸಿದೆ.

ಆಮೇಲೆ ನೈಟ್ರೋಜನ್ ನಡುವೆ ಇಟ್ಟೆ. ಒಂದನೆಯ ಚಿತ್ರದಲ್ಲಿ ನೈಟ್ರೋಜನ್‌ಗಳ ನಡುವೆ ತ್ರಿಬಂಧ, ಆಕ್ಸಿಜನ್ನಿಗೆ ಏಕಬಂಧ. ತುದಿಯಿಂದ 0, +1, −1. ಎರಡನೆಯದರಲ್ಲಿ ಎರಡೂ ದ್ವಿಬಂಧ. −1, +1, 0. ಮೂರನೆಯದರಲ್ಲಿ ನೈಟ್ರೋಜನ್‌ಗಳ ನಡುವೆ ಏಕಬಂಧ, ಆಕ್ಸಿಜನ್ ಕಡೆ ತ್ರಿಬಂಧ. −2, +1, +1. ಎಲ್ಲದರ ಮೊತ್ತವೂ ಸೊನ್ನೆ ಬಂದಿದೆ. ಈ ಸಲ ಒಂಟಿ ಜೋಡಿಯನ್ನು ಎರಡೆಂದೇ ಎಣಿಸಿದ್ದೇನೆ.

ಮೂರನೆಯದು ಬೇಡ ಎಂದು ಗೊತ್ತಾಯಿತು, ಪಕ್ಕಪಕ್ಕದಲ್ಲೇ ಎರಡು ಧನ ಇವೆ. ಋಣ ಚಿಹ್ನೆ ಆಕ್ಸಿಜನ್ ಮೇಲೆ ಇರುವುದರಿಂದ ಒಂದನೆಯದು ಸರಿ ಎಂದು ಬರೆದೆ. ಅಪ್ಪ ಎರಡನೆಯದನ್ನೂ ಪೂರ್ತಿ ಬಿಡಬೇಡ ಎನ್ನುತ್ತಾರೆ. ಏಕೆ?

ಪಿಯು ಉಪನ್ಯಾಸಕಿ, ಹಾಸನ

ಎಲ್ಲ ಸಂಖ್ಯೆಯೂ ಸರಿಯಾಗಿವೆ ಪುಟ್ಟಿ. ನಡುವೆ ಆಕ್ಸಿಜನ್ ಇಟ್ಟದ್ದನ್ನು ಅಳಿಸಬೇಡ, ಒಂದು ಗೆರೆ ಎಳೆದು ಹಾಗೆಯೇ ಇರಲಿ. ಯಾವುದನ್ನು ಏಕೆ ಬಿಟ್ಟೆ ಎಂಬುದು ಕಾಣುತ್ತಿರಬೇಕು.

ಅಪ್ಪ ಹೇಳಿದ್ದು ಸರಿ. ಅಳತೆ ನೋಡು. ನೈಟ್ರೋಜನ್ ಅನಿಲದ ತ್ರಿಬಂಧ 110 ಪಿಕೊಮೀಟರ್, ನೈಟ್ರೋಜನ್‌ಗಳ ನಡುವಿನ ಸಾಧಾರಣ ದ್ವಿಬಂಧ 125ರ ಆಸುಪಾಸು. ನಿನ್ನ ಅಣುವಿನಲ್ಲಿ ಆ ಬಂಧ 113. ಒಂದನೆಯ ಚಿತ್ರಕ್ಕೆ ಹತ್ತಿರ, ಆದರೆ ಪೂರ್ತಿ ಅದೇ ಅಲ್ಲ. ಒಂದನೆಯ ಚಿತ್ರದಲ್ಲಿ ಋಣ ತುದಿ ಆಕ್ಸಿಜನ್ ಕಡೆ, ಎರಡನೆಯದರಲ್ಲಿ ಅದರ ಎದುರು ಕಡೆ. ಎರಡೂ ಸೇರಿಕೊಂಡಿರುವುದರಿಂದ ಒಂದನ್ನೊಂದು ಬಹುಪಾಲು ಹೊಡೆದುಹಾಕುತ್ತವೆ, ದ್ವಿಧ್ರುವ ಮಹತ್ವ 0.2 ಡಿಬೈಗಿಂತ ಕಡಿಮೆ ಬರುತ್ತದೆ. ಹೀಗೆ ಚಿತ್ರಗಳು ಬೆರೆಯುವುದಕ್ಕೆ ಅನುರಣನ ಎನ್ನುತ್ತಾರೆ, ನಿನ್ನ ಪುಸ್ತಕದಲ್ಲಿ ಎರಡು ಪುಟ ಮುಂದೆ ಇದೆ. ಓಝೋನಿಗೂ ಹಾಗೆಯೇ. ಅಲ್ಲಿ ಎರಡು ತುದಿಗಳಲ್ಲಿ ಒಂದಕ್ಕೆ 0, ಒಂದಕ್ಕೆ −1 ಎಂದು ಬರೆದಿದ್ದೆವಲ್ಲ. ಅಳತೆ ಮಾಡಿದರೆ ಎರಡು ಬಂಧವೂ 128 ಪಿಕೊಮೀಟರ್. ಯಾವ ತುದಿಗೂ ಪಕ್ಷಪಾತವಿಲ್ಲ, ಇಬ್ಬರಿಗೂ ಅರ್ಧರ್ಧ ಋಣ.

ನಾಳೆ ನೈಟ್ರೇಟ್ ಮಾಡು. ಒಟ್ಟು 24 ಎಲೆಕ್ಟ್ರಾನ್, ಅಯಾನಿನ ಹೆಚ್ಚುವರಿ ಒಂದನ್ನು ಸೇರಿಸಿ ಹೇಳಿದ್ದೇನೆ. ಮೂರು ಚಿತ್ರ ಬರಬೇಕು. ಪ್ರತಿ ಆಕ್ಸಿಜನ್ನಿಗೆ ಸರಾಸರಿ ಎಷ್ಟು ಬಂದಿತು ಎಂದು ಇಲ್ಲೇ ಬರೆ.

ತೀರ್ಥಹಳ್ಳಿ ಮೇಷ್ಟರು

ಮೂರರಲ್ಲಿ ಎರಡು ಪಾಲು ಋಣ ಎಂದು ಈಗಲೇ ಹೇಳುತ್ತಿದ್ದಾಳೆ. ಚಿತ್ರ ಬರೆದು ತೋರಿಸು ಎಂದಿದ್ದೇನೆ. ಕರೆಂಟು ಹೋಗಿದೆ, ಮೇಣದ ಬತ್ತಿ ಹಚ್ಚಿಕೊಂಡು ಕುಳಿತಿದ್ದಾಳೆ.